ಕಂದರವನ್ನು ಬಚ್ಚಿಟ್ಟಿದ್ದ ಮನೆ

ಅಮೆರಿಕದ ಅರಿಜೋನಾ ರಾಜ್ಯದ ದೊಡ್ಡ ಕಂದರ ಗ್ರ್ಯಾಂಡ್ ಕ್ಯಾನ್ಯನ್ ನೋಡಿ ಬಂದವರ ಫೋಟೊಗಳು ಬಹುಪಾಲು ದಕ್ಷಿಣದ ಅಂಚಿನವು. ಉತ್ತರದ ಅಂಚು ಎದುರಿಗೇ ಇದೆ, ಹಕ್ಕಿಗೆ ಹದಿನಾರು ಕಿಲೋಮೀಟರ್. ಕಾರಿನಲ್ಲಿ ಹೋಗುವವರು ಮಾತ್ರ ಸುಮಾರು 345 ಕಿಲೋಮೀಟರ್ ಸುತ್ತಬೇಕು. 8,000 ಅಡಿಗೂ ಎತ್ತರದ ಆ ಜಾಗ ಚಳಿಗಾಲದಲ್ಲಿ ಹಿಮದಡಿ ಇರುತ್ತದೆ. ಅಲ್ಲಿನ ಲಾಡ್ಜ್ ತೆರೆದಿರುತ್ತಿದ್ದುದು ಮೇ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ ಮಾತ್ರ.

2019ರ ಸೆಪ್ಟೆಂಬರಿನಲ್ಲಿ ಅಪ್ಪ ಅಮ್ಮ ಬಂದಿದ್ದಾಗ ಫೀನಿಕ್ಸ್‌ನಿಂದ ನಾವು ಅಲ್ಲಿಗೆ ಹೊರಟೆವು. ಕೊಲೊರಾಡೊ ನದಿಯ ಮೇಲಿನ ನವಾಹೊ ಸೇತುವೆ ದಾಟಿ, ಕೆಂಪು ಬಂಡೆಗಳ ಬಯಲು ಕಳೆದು ಕೈಬಾಬ್ ಪ್ರಸ್ಥಭೂಮಿ ಏರಿದರೆ ಪೈನ್ ಕಾಡು, ನಡುನಡುವೆ ಹುಲ್ಲುಗಾವಲು. ಹಗಲೆಲ್ಲಾ ಪ್ರಯಾಣ. ಅಪ್ಪ ಎರಡು ಸಲ ಕೇಳಿದರು: "ಕಂದರ ಎಲ್ಲಿ?"

ಲಾಡ್ಜ್ ತಲುಪಿದ ಮೇಲೂ ಅದು ಕಾಣಲಿಲ್ಲ. ಕಂಡದ್ದು ಸುಣ್ಣಕಲ್ಲಿನ ಗೋಡೆ, ದಪ್ಪ ಮರದ ತೊಲೆಗಳು, ಎತ್ತರದ ಮಾಡು. ಬಾಗಿಲು ದಾಟಿ ಒಳಗೆ ಹೋದರೆ ಮಬ್ಬು ಬೆಳಕು. ಮುಂದೆ ಕೆಲವು ಮೆಟ್ಟಿಲು ಇಳಿಯಬೇಕು. ಇಳಿಯುತ್ತಿದ್ದ ಹಾಗೆ ಎದುರಿನ ದೊಡ್ಡ ಕಿಟಕಿಗಳ ತುಂಬ ಕಂದರ! ಅಪ್ಪ ಮೆಟ್ಟಿಲ ಮೇಲೇ ನಿಂತುಬಿಟ್ಟರು. ಹಿಂದಿನಿಂದ ಬರುತ್ತಿದ್ದವರಿಗೂ ದಾರಿ ಬಿಡಲಿಲ್ಲ. ಆಮೇಲೆ ಮೆಲ್ಲಗೆ, "ಇಷ್ಟು ಹೊತ್ತು ಇದನ್ನು ಎಲ್ಲಿ ಬಚ್ಚಿಟ್ಟಿದ್ದರು?" ಎಂದರು.

ಬಚ್ಚಿಟ್ಟವರು ವಾಸ್ತುಶಿಲ್ಪಿ ಗಿಲ್ಬರ್ಟ್ ಸ್ಟ್ಯಾನ್ಲಿ ಅಂಡರ್‌ವುಡ್. ಯೂನಿಯನ್ ಪೆಸಿಫಿಕ್ ರೈಲ್ವೆ ಕಂಪನಿಯ ಅಂಗಸಂಸ್ಥೆಗಾಗಿ 1928ರಲ್ಲಿ ಈ ಕಟ್ಟಡ ಎದ್ದಿತು. ಮೆಟ್ಟಿಲಿಳಿದು ಬರುವವರೆಗೆ ಕಂದರ ಕಾಣದ ಹಾಗೆ ಅವರು ಬೇಕೆಂದೇ ಯೋಜಿಸಿದ್ದರು. ನಾಲ್ಕೇ ವರ್ಷಕ್ಕೆ, 1932ರಲ್ಲಿ, ಅಡುಗೆಮನೆಯಲ್ಲಿ ಹುಟ್ಟಿದ ಬೆಂಕಿ ಅದನ್ನು ನುಂಗಿತು. ಉಳಿದ ಅಡಿಪಾಯ ಮತ್ತು ಕಲ್ಲುಗಳ ಮೇಲೇ ಮತ್ತೆ ಕಟ್ಟಿ 1937ರಲ್ಲಿ ಮುಗಿಸಿದರು. ಹಿಮ ನಿಲ್ಲದೆ ಜಾರಲೆಂದು ಮಾಡನ್ನು ಈ ಸಲ ಇನ್ನಷ್ಟು ಕಡಿದಾಗಿಸಿದರು. ಹಿಂದೆಲ್ಲ ಅತಿಥಿಗಳ ಬಸ್ಸು ಹೊರಡುವಾಗ ಸಿಬ್ಬಂದಿಯೆಲ್ಲ ಸಾಲಾಗಿ ನಿಂತು ಹಾಡಿ ಕಳುಹಿಸುತ್ತಿದ್ದರಂತೆ. ಒಳಗೆ ಬ್ರೈಟಿ ಎಂಬ ಕತ್ತೆಯ ಕಂಚಿನ ಪ್ರತಿಮೆ ಇತ್ತು. ಅದರ ಮೂಗು ಸವರಿದರೆ ಒಳಿತಾಗುತ್ತದೆ ಎಂಬ ನಂಬಿಕೆಯಿಂದ ಸವರಿಸಿಕೊಂಡು ಮೂಗು ಫಳಫಳ ಹೊಳೆಯುತ್ತಿತ್ತು. ಅಮ್ಮ ದೇವರ ಪಾದ ಮುಟ್ಟಿದ ಹಾಗೆ ಮುಟ್ಟಿ ಕಣ್ಣಿಗೊತ್ತಿಕೊಂಡರು.

2025ರ ಜುಲೈ 4ರಂದು ಸಿಡಿಲಿನಿಂದ ಡ್ರ್ಯಾಗನ್ ಬ್ರಾವೊ ಕಾಡ್ಗಿಚ್ಚು ಹೊತ್ತಿಕೊಂಡಿತು. ಮೊದಲ ವಾರ ಅದನ್ನು ಪೂರ್ತಿ ಆರಿಸುವ ಬದಲು ಒಂದು ಮಿತಿಯೊಳಗೆ ಉರಿಯಲು ಬಿಟ್ಟು ಕಾಯುವ ಕ್ರಮ ಅನುಸರಿಸಿದ್ದರು. ಕಾಡಿನ ತರಗು ಕಡಿಮೆಯಾಗಲು ಅಂಥ ಬೆಂಕಿ ಬೇಕು ಎನ್ನುವ ವಾದ ನನಗೆ ಅರ್ಥವಾಗುತ್ತದೆ. ಆದರೆ ಬೇಸಿಗೆಯ ಒಣ ನಡುವಿನಲ್ಲಿ, ಅಂಥ ಕಟ್ಟಡದ ಹತ್ತಿರ? ಈ ಪ್ರಶ್ನೆಯನ್ನು ನಾನು ಬಿಡಲಾರೆ. ರಾಜ್ಯದ ಗವರ್ನರ್ ಕೇಟಿ ಹಾಬ್ಸ್ ಕೂಡ ಸ್ವತಂತ್ರ ತನಿಖೆಗೆ ಒತ್ತಾಯಿಸಿದರು. ಗಾಳಿ ಜೋರಾಯಿತು, ಬೆಂಕಿ ಗೆರೆ ದಾಟಿತು, ಜುಲೈ 12ರ ರಾತ್ರಿ ಲಾಡ್ಜ್ ಸುತ್ತಲಿನ ಹಲವಾರು ಕಟ್ಟಡಗಳೊಂದಿಗೆ ಉರಿದುಹೋಯಿತು. ಜನರನ್ನು ಮೊದಲೇ ತೆರವುಗೊಳಿಸಿದ್ದರಿಂದ ಜೀವಹಾನಿ ಆಗಲಿಲ್ಲ.

ಊರಿಗೆ ಫೋನ್ ಮಾಡಿದೆ. ಅಮ್ಮ ಮೊದಲು ಕೇಳಿದ್ದು ಕತ್ತೆಯನ್ನು. ಆಗ ನನಗೆ ಉತ್ತರ ಗೊತ್ತಿರಲಿಲ್ಲ. ಅವಶೇಷಗಳ ನಡುವೆ ಅದು ಸುಟ್ಟು ಜಖಂಗೊಂಡು ಸಿಕ್ಕಿದ ಸುದ್ದಿ ಆಮೇಲೆ ಬಂತು. ಅಪ್ಪ ಏನೂ ಕೇಳಲಿಲ್ಲ. ನಾನು ಪತ್ರಿಕೆಯಲ್ಲಿ ಬಂದ ಚಿತ್ರ ಕಳುಹಿಸಿದೆ: ಮಾಡು ಇಲ್ಲ, ತೊಲೆಗಳಿಲ್ಲ, ಕಲ್ಲಿನ ಗೋಡೆಗಳು ಮಾತ್ರ ನಿಂತಿವೆ. ಕಿಟಕಿಗಳಿದ್ದ ಕಂಡಿಗಳ ಆಚೆ ಕಂದರ.

ಸ್ವಲ್ಪ ಹೊತ್ತಿನ ಮೇಲೆ ಅಪ್ಪನೇ ಫೋನ್ ಮಾಡಿದರು. "ಈಗ ಹೊರಗಿನಿಂದಲೇ ಕಾಣುತ್ತದಲ್ಲ" ಎಂದರು. ಅವರ ದನಿ ಕುಗ್ಗಿತ್ತು. ಹೌದು ಎಂದೆ. ಹಿಂದೊಮ್ಮೆ ಸುಟ್ಟಾಗಲೂ ಅದೇ ಕಲ್ಲುಗಳ ಮೇಲೆ ಕಟ್ಟಿದ್ದನ್ನು ಹೇಳಿದೆ.

"ಮತ್ತೆ ಕಟ್ಟುವುದಾದರೆ," ಎಂದರು ಅಪ್ಪ, "ಬಾಗಿಲಲ್ಲಿ ನಿಂತವರಿಗೆ ಕಾಣದ ಹಾಗೆಯೇ ಕಟ್ಟಲಿ."