ಪೂಜೆ ಮುಗಿದ ಮೇಲೆ ಒಂಚೂರು ಕೂರಿ

ದೇವರಿಗೆ ಟೈಮ್ ಕೊಡಕ್ಕೇ ಆಗ್ತಿಲ್ಲ ಕಣೇ ಅಂತ ನನ್ನ ಫ್ರೆಂಡ್ಸ್ ಎಲ್ಲಾ ಹೇಳ್ತಿರ್ತಾರೆ. ಆದ್ರೆ ಪೂಜೆಗೆ ಎಲ್ಲರ ಮನೇಲೂ ಟೈಮ್ ಇದ್ದೇ ಇದೆ, ದೀಪ ಹಚ್ತೀವಿ, ಊದಿನಕಡ್ಡಿ ಹಚ್ತೀವಿ, ಮಂಗಳಾರತಿ ಆಗಿದ್ದೇ ತಡ ಎದ್ದು ಬಿಡ್ತೀವಿ, ಆ ಕಡೆ ಕುಕ್ಕರ್ ಕೂಗ್ತಿರುತ್ತೆ ಈ ಕಡೆ ಸ್ಕೂಲ್ ವ್ಯಾನ್ ಬಂದಿರುತ್ತೆ. ಆಮೇಲೆ ಸುಮ್ನೆ ಕೂರೋ ಹೊತ್ತೇ ಇಲ್ಲ.

ನಮ್ದು ಇಷ್ಟಲಿಂಗ ಪೂಜೆ, ಅಂದ್ರೆ ಲಿಂಗಾಯತರು ಮೈಮೇಲೆ ಧರಿಸೋ ಪುಟ್ಟ ಲಿಂಗದ ಪೂಜೆ. ವಿಭೂತಿ ಹಚ್ಕೊಂಡು, ಲಿಂಗ ಎಡ ಅಂಗೈ ಮೇಲಿಟ್ಟು, ಪತ್ರೆ ಹೂವು ಏರಿಸಿ, ಆಮೇಲೆ ಅದನ್ನೇ ನೆಟ್ಟ ಕಣ್ಣಿಂದ ನೋಡ್ತಾ ಕೂರ್ಬೇಕು. ಲಿಂಗದ ಮೇಲಿನ ಕಪ್ಪು ಲೇಪದ ಹೊಳಪಲ್ಲಿ ದೀಪ ಒಂದು ಚುಕ್ಕಿ ಆಗಿ ಕಾಣುತ್ತೆ, ಕಣ್ಣು ಅಲ್ಲಿ ನಿಂತ್ರೆ ಉಸಿರೂ ತಾನಾಗೇ ನಿಧಾನ ಆಗುತ್ತೆ. ಅರ್ಚಕರು ಬೇಡ, ಗುಡಿ ಬೇಡ, ಮಧ್ಯೆ ಯಾರೂ ಇಲ್ಲ. ಎಷ್ಟು ದೊಡ್ಡ ಸಲಿಗೆ ಇದು! ಆದ್ರೆ ನಮ್ಮಲ್ಲಿ ಎಷ್ಟೋ ಮನೇಲಿ ನೀರು ಹಾಕಿ ಹೂವಿಟ್ಟು ಸೀದಾ ಕರಡಿಗೆಗೆ, ಅಂದ್ರೆ ಲಿಂಗ ಇಡೋ ಪುಟ್ಟ ಡಬ್ಬಿಗೆ ವಾಪಸ್.

ನಾನು ಹಾಗೆ ಕೂತಾಗ ಅದು ಕೊಡು ಇದು ಕೊಡು ಅಂತ ಕೇಳಲ್ಲ, ಮನಸ್ಸಿಗೆ ಚುಚ್ತಿರೋದು ಯಾವುದೋ ಒಂದನ್ನ ಶಿವನ ಮುಂದೆ ಇಡ್ತೀನಿ ಅಷ್ಟೇ. ತವರಿನ ಅಡಿಕೆ ತೋಟದ ಪಾಲಿನ ಮಾತು ಬಂದಾಗ ಅಣ್ಣನ ಮೇಲೆ ಭಾರೀ ಸಿಟ್ಟಿತ್ತು, ದಿನಾ ಅದನ್ನೇ ಹೊತ್ಕೊಂಡು ಕೂರ್ತಿದ್ದೆ. ಉತ್ತರ ಅಂತ ಯಾವ ಧ್ವನೀನೂ ಕೇಳಿಸ್ಲಿಲ್ಲ. ಆದ್ರೆ ಕೂತೂ ಕೂತೂ ಗೊತ್ತಾಗಿದ್ದು ಏನಂದ್ರೆ ತೋಟದ ಆಸೆ ನಂಗೆ ಅಷ್ಟೇನಿರ್ಲಿಲ್ಲ, ಅಪ್ಪ ಇದ್ದಿದ್ರೆ ನನ್ನನ್ನೂ ಒಂದು ಮಾತು ಕೇಳ್ತಿದ್ರು, ಅಣ್ಣ ಕೇಳ್ಲಿಲ್ಲ ಅನ್ನೋ ನೋವು ಅದು. ಅದನ್ನೇ ಫೋನ್ ಮಾಡಿ ಹೇಳ್ದೆ, ಅವನೂ ಅತ್ತ. ಪಾಲಿನ ವಿಷಯ ಇನ್ನೂ ಹಾಗೇ ಇದೆ, ಮಾತು ಮಾತ್ರ ನಿಂತಿಲ್ಲ. ಇದು ಶಿವನ ಕೃಪೆ ಅಂತಲೇ ನಾನು ನಂಬಿದೀನಿ.

ಅಕ್ಕಮಹಾದೇವಿಯ ಉಡುತಡಿ, ಅಲ್ಲಮಪ್ರಭುಗಳ ಬಳ್ಳಿಗಾವಿ, ಎರಡೂ ನಮ್ಮ ಶಿಕಾರಿಪುರ ತಾಲೂಕಲ್ಲೇ ಇರೋದು. 12ನೇ ಶತಮಾನದಲ್ಲಿ ಅಕ್ಕ ಎಲ್ಲಾ ಬಿಟ್ಟು ಶ್ರೀಶೈಲದ ಕದಳಿವನದ ತನಕ ಹೋದ್ಲು. ಸಂಸಾರ ಇರೋರಿಗೆ ಅದೆಲ್ಲಾ ಎಲ್ಲಿ ಸಾಧ್ಯ, ಆದ್ರೆ ಮೊಬೈಲ್ ಹೊರಗಿಟ್ಟು ದೇವರ ಕೋಣೆ ಬಾಗ್ಲು ಹಾಕ್ಕೊಳ್ಳೋದು ನಮ್ಮ ಕೈಲೇ ಇದೆ ಅಲ್ವಾ?

ಮನೇಲಿ ಗಲಾಟೆ ಜಾಸ್ತಿ ಅನ್ನೋರು ಕೂಡ್ಲಿಗೆ ಹೋಗಿ, ಶಿವಮೊಗ್ಗದಿಂದ ಸುಮಾರು 15 ಕಿಲೋಮೀಟರ್, ತುಂಗೆ ಭದ್ರೆ ಸೇರೋ ಜಾಗ, ಸಂಗಮೇಶ್ವರನ ಗುಡಿ ಇದೆ. ಹಬ್ಬ ಅಮಾವಾಸ್ಯೆ ಬಿಟ್ಟು ಮಾಮೂಲಿ ದಿನ ಬೆಳಿಗ್ಗೆ ಹೋಗಿ ಕೂರಿ. ಮಳೆಗಾಲದಲ್ಲಿ ಮಾತ್ರ ನೀರಿಗೆ ಇಳಿಯಕ್ಕೆ ಹೋಗ್ಬೇಡಿ, ಹೊಳೆ ತುಂಬಿ ಹರೀತಿರುತ್ತೆ, ದಡದಲ್ಲೇ ಇರಿ.