ಮೊಗ್ಗು ಉದುರಿದ್ದು ಬೇರಿಗೆ ನೀರಿಲ್ಲದೆ ಅಲ್ಲ

ಆಫೀಸುಗಳ ಒಳಗೆ ಇಟ್ಟಿರುವ ಗಿಡಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ವಾರಕ್ಕೆ ಎರಡು ಸಲ ಹೋಗುತ್ತೇನೆ. ನೀರು ಹಾಕುವುದು, ಎಲೆ ಒರೆಸುವುದು, ಒಣಗಿದ್ದನ್ನು ಕತ್ತರಿಸುವುದು, ಸೊರಗಿದ ಗಿಡ ತೆಗೆದು ಬೇರೆ ಇಡುವುದು. ಬರೀ ಎಲೆಯ ಗಿಡಗಳು ಅಷ್ಟು ಕಷ್ಟ ಕೊಡುವುದಿಲ್ಲ. ಹೂ ಬಿಡುವ ಗಿಡಗಳದ್ದೇ ಚಿಂತೆ. ಅದರಲ್ಲೂ ಫೆಲೆನಾಪ್ಸಿಸ್ ಆರ್ಕಿಡ್. ಗಾಳಿಯ ತೇವಾಂಶ ಅಂದರೆ ಏನು ಅಂತ ನನಗೆ ಕಲಿಸಿದ್ದು ಅದೇ ಗಿಡ.

ಆಗ ನಾನು ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ. ಒಂದು ಆಫೀಸಿನ ರಿಸೆಪ್ಷನ್ ಮೇಜಿನ ಮೇಲೆ ಆರು ಆರ್ಕಿಡ್ ಇಟ್ಟಿದ್ದೆವು. ಒಂದೊಂದು ಹೂದಂಡಿನಲ್ಲೂ ಕೆಳಗೆ ಎರಡು ಮೂರು ಹೂ ಅರಳಿದ್ದವು, ತುದಿಗೆ ಐದಾರು ಮೊಗ್ಗು. ಈ ಹೂಗಳು ಎರಡು ತಿಂಗಳಾದರೂ ನಿಲ್ಲುತ್ತವೆ, ಹಾಗಾಗಿ ನೆಮ್ಮದಿಯಾಗಿದ್ದೆ. ಎಂಟನೇ ದಿನ ಹೋದಾಗ ಮೇಜಿನ ಮೇಲೆ ಮೊಗ್ಗುಗಳು ಬಿದ್ದಿದ್ದವು. ಒಂದನ್ನು ಕೈಗೆ ತೆಗೆದುಕೊಂಡೆ. ಹಸಿರು ಹೋಗಿ ಹಳದಿಗೆ ತಿರುಗಿತ್ತು. ಬೆರಳಲ್ಲಿ ಒತ್ತಿದರೆ ಕಾಗದದ ಹಾಗೆ ಮಡಚಿಕೊಂಡಿತು.

"ದಿನಾ ಒಂದೆರಡು ಬೀಳ್ತಾನೇ ಇದೆ, ನಮ್ಮಿಂದ ಏನಾದ್ರೂ ತಪ್ಪಾಯ್ತಾ?" ಅಂತ ರಿಸೆಪ್ಷನ್ ಮೇಡಂ ಕೇಳಿದರು. ಪಾಪ, ಅವರು ಆ ಗಿಡಗಳನ್ನು ತುಂಬಾ ಹಚ್ಚಿಕೊಂಡಿದ್ದರು.

ಗಾಳಿ ಒಣಗಿದೆ ಅನ್ನುವುದು ನನಗೆ ಗೊತ್ತಾಯಿತು. ಅದಕ್ಕೆ ನಾನು ಮಾಡಿದ್ದು ಮಾತ್ರ ತಪ್ಪು. ನೀರು ಹಾಕುವುದನ್ನು ಜಾಸ್ತಿ ಮಾಡಿದೆ. ಒಂದು ಸ್ಪ್ರೇ ಬಾಟಲಿ ಕೊಟ್ಟು, ಬೆಳಿಗ್ಗೆ ಸಂಜೆ ಗಿಡಕ್ಕೆ ಚೆನ್ನಾಗಿ ಸಿಂಪಡಿಸಿ ಮೇಡಂ ಅಂತ ಹೇಳಿ ಬಂದೆ. ಎರಡು ವಾರ ಕಳೆಯಿತು. ಎರಡು ಗಿಡಗಳ ಸುಳಿ ಕಪ್ಪಾಯಿತು. ನಡುವಿನ ಎಲೆ ಹಿಡಿದು ಮೆತ್ತಗೆ ಎಳೆದರೆ ಕೈಗೇ ಬಂತು, ಬುಡ ಕೊಳೆತು ನಾರುತ್ತಿತ್ತು. ಸುಳಿ ಹೋದರೆ ಈ ಗಿಡದ ಕಥೆ ಬಹುಮಟ್ಟಿಗೆ ಮುಗಿದ ಹಾಗೆ, ಏಕೆಂದರೆ ಹೊಸ ಎಲೆ ಬರುವುದು ಅಲ್ಲಿಂದಲೇ. ಮೊಗ್ಗು ಉದುರುವುದೂ ನಿಂತಿರಲಿಲ್ಲ.

ನಮ್ಮ ಹಿರಿಯ ಮೇಲ್ವಿಚಾರಕರು ಬಂದು ನೋಡಿದರು. ಬೈಯಲಿಲ್ಲ. ಜೇಬಿನಿಂದ ಅಂಗೈಯಗಲದ ಎರಡು ತೇವಾಂಶ ಮೀಟರ್ ತೆಗೆದರು. ಒಂದನ್ನು ಕುಂಡಗಳ ನಡುವೆ ಇಟ್ಟರು, ಇನ್ನೊಂದನ್ನು ಬಾಗಿಲ ಪಕ್ಕದ ಗೋಡೆಗೆ ನೇತುಹಾಕಿದರು. "ನಾಳೆ ಬೇರೆ ಎಲ್ಲೂ ಹೋಗ್ಬೇಡಪ್ಪ. ಇಲ್ಲೇ ಇದ್ದು ಗಂಟೆಗೊಂದು ಸಲ ಬರ್ಕೋ" ಅಂದರು.

ಬರೆದುಕೊಂಡ ಆ ಹಾಳೆ ಈಗಲೂ ನನ್ನ ಹತ್ತಿರ ಇದೆ. ಮೀಟರ್ ತೋರಿಸುವುದು, ಆ ಹೊತ್ತಿನ ಬಿಸಿಗೆ ಗಾಳಿ ಹಿಡಿಯಬಲ್ಲಷ್ಟು ಆವಿಯಲ್ಲಿ ಎಷ್ಟು ಪಾಲು ಇದೆ ಅನ್ನುವುದನ್ನು. ಬೆಳಿಗ್ಗೆ 8ಕ್ಕೆ, ಎಸಿ ಹಾಕುವ ಮುಂಚೆ, ಕುಂಡಗಳ ಹತ್ತಿರ ಶೇಕಡಾ 57. ಹನ್ನೊಂದಕ್ಕೆ 41. ಮಧ್ಯಾಹ್ನ ಮೂರಕ್ಕೆ 33. ಅದೇ ಹೊತ್ತಿಗೆ ಬಾಗಿಲ ಹತ್ತಿರ 45. ಒಂದೇ ಕೋಣೆ, ಹತ್ತು ಹೆಜ್ಜೆ ಅಂತರ! ನಡುವೆ ಒಮ್ಮೆ ಸ್ಪ್ರೇ ಮಾಡಿ ನೋಡಿದೆ. ಮೀಟರ್ 60 ದಾಟಿತು. ಹತ್ತು ನಿಮಿಷ ಆಗುವಷ್ಟರಲ್ಲಿ ಮೊದಲಿನ ಜಾಗಕ್ಕೇ ಬಂತು. ಎಲೆಯ ಸಂದಿಗೆ ಇಳಿದ ನೀರು ಮಾತ್ರ ಸಂಜೆಯವರೆಗೂ ಅಲ್ಲೇ ನಿಂತಿತ್ತು. ಅಂದರೆ ದಿನಕ್ಕೆ ಇಪ್ಪತ್ತು ನಿಮಿಷದ ತೇವಕ್ಕೋಸ್ಕರ ಸುಳಿಯನ್ನು ದಿನವಿಡೀ ನೆನೆಸಿಡುತ್ತಿದ್ದೆವು.

ಮೇಲೆ ನೋಡಿದರೆ ಎಸಿ ಗಾಳಿ ಬರುವ ಕಿಂಡಿ ಸರಿಯಾಗಿ ಮೇಜಿನ ನೆತ್ತಿಗೇ ಇತ್ತು. ಒಂದು ಟಿಶ್ಯೂ ಕಾಗದವನ್ನು ಹೂವಿನ ಎತ್ತರಕ್ಕೆ ಹಿಡಿದೆ, ಪಟಪಟ ಅಂತ ಆಡಿತು. ಈಗ ಯಾವ ಹೊಸ ಜಾಗಕ್ಕೆ ಹೋದರೂ ನಾನು ಮೊದಲು ಮಾಡುವುದು ಇದನ್ನೇ. ಕಾಗದ ಆಡಿದರೆ ಅಲ್ಲಿ ಹೂಗಿಡ ಇಡುವುದಿಲ್ಲ.

ಎಸಿ ಕೋಣೆಯನ್ನು ಬರೀ ತಂಪು ಮಾಡುವುದಿಲ್ಲ. ಒಳಗಿನ ತಣ್ಣನೆಯ ಕಾಯಿಲ್‌ಗೆ ಗಾಳಿ ತಾಗಿದಾಗ ಅದರಲ್ಲಿದ್ದ ನೀರಿನ ಆವಿ ಹನಿಯಾಗಿ ಇಳಿಯುತ್ತದೆ. ಹೊರಗೆ ಪೈಪಿನಿಂದ ತೊಟ್ಟಿಕ್ಕುತ್ತದಲ್ಲ, ಅದು ಕೋಣೆಯ ಗಾಳಿಯಲ್ಲಿದ್ದ ನೀರೇ. ಹೀಟರ್ ಹಾಕುವ ಕಡೆ ಕಾರಣ ಬೇರೆ. ಬಿಸಿಯಾದಷ್ಟೂ ಗಾಳಿ ಹೆಚ್ಚು ಆವಿ ಹಿಡಿಯಬಲ್ಲದು. ಹೊರಗಿನ 10 ಡಿಗ್ರಿ ಗಾಳಿಯಲ್ಲಿ ತೇವ ಪೂರ್ತಿ ತುಂಬಿದ್ದರೂ, ಅದನ್ನೇ ಒಳಗೆ 25 ಡಿಗ್ರಿಗೆ ಬಿಸಿ ಮಾಡಿದರೆ ತೇವಾಂಶ ಶೇಕಡಾ 40ರ ಆಸುಪಾಸಿಗೆ ಇಳಿಯುತ್ತದೆ. ನೀರು ಎಲ್ಲೂ ಹೋಗಿಲ್ಲ, ಆದರೂ ಗಿಡದ ಪಾಲಿಗೆ ಗಾಳಿ ಒಣಗಿದೆ.

ಈ ಆರ್ಕಿಡ್ ಕಾಡಿನಲ್ಲಿ ಮರದ ಮೇಲೆ ಬೆಳೆಯುವುದು. ಬೇರು ತೊಗಟೆಗೆ ಅಂಟಿಕೊಂಡಿರುತ್ತದೆ. ಮಳೆ ಬಂದಾಗ ನೆನೆಯುತ್ತದೆ, ಆಮೇಲೆ ಗಾಳಿಗೆ ಬೇಗ ಆರುತ್ತದೆ. ಸುತ್ತಲಿನ ಗಾಳಿಯಲ್ಲಿ ಮಾತ್ರ ತೇವ ಇದ್ದೇ ಇರುತ್ತದೆ. ಗಿಡ ವಾಲಿಕೊಂಡು ಜೋತುಬಿದ್ದ ಹಾಗೆ ಇರುವುದರಿಂದ ಸುಳಿಯಲ್ಲಿ ನೀರು ನಿಲ್ಲುವುದಿಲ್ಲ. ನಾವು ಕುಂಡದಲ್ಲಿ ನೆಟ್ಟಗೆ ನಿಲ್ಲಿಸುತ್ತೇವೆ, ಸುಳಿ ಬಟ್ಟಲಾಗುತ್ತದೆ. ಅದಕ್ಕೇ ತಪ್ಪಿ ನೀರು ಬಿದ್ದರೂ ಟಿಶ್ಯೂ ತುದಿಯಿಂದ ಹೀರಿ ತೆಗೆಯುತ್ತೇನೆ.

ಎಲೆ ದಪ್ಪ, ನೀರು ಕೂಡಿಟ್ಟುಕೊಳ್ಳುತ್ತದೆ. ಎಲೆಯ ಸಣ್ಣ ರಂಧ್ರಗಳು ಹೆಚ್ಚಾಗಿ ತೆರೆಯುವುದೂ ರಾತ್ರಿಯೇ. ಹಾಗಾಗಿ ಒಣ ಗಾಳಿಯಲ್ಲಿ ಎಲೆ ತಿಂಗಳುಗಟ್ಟಲೆ ತಾಳಿಕೊಳ್ಳುತ್ತದೆ. ಮೊಗ್ಗಿಗೆ ಆ ತಾಳಿಕೆ ಇಲ್ಲ. ಎಲೆಯೇ ಸುಕ್ಕುಗಟ್ಟಿ ಜೋತುಬಿದ್ದರೆ ನಾನು ಗಾಳಿಯನ್ನು ದೂರುವುದಿಲ್ಲ, ಮೊದಲು ಬೇರು ನೋಡುತ್ತೇನೆ. ಒಣಗಿದ ಒಳ್ಳೆ ಬೇರು ಬೆಳ್ಳಿ ಬಣ್ಣ, ನೀರು ಕುಡಿದಾಗ ಹಸಿರು. ಕಂದಾಗಿ, ಒತ್ತಿದರೆ ಪಿಚಕ್ ಅಂದರೆ ಕೊಳೆತಿದೆ. ಕೊಳೆತ ಬೇರು ನೀರು ಎಳೆಯುವುದಿಲ್ಲ, ಅದಕ್ಕೇ ಎಲೆ ಬಾಡುತ್ತದೆ. ಅಂಥ ಗಿಡಕ್ಕೆ ಮತ್ತೆ ನೀರು ಹಾಕಿದರೆ ಇನ್ನಷ್ಟು ಕೊಳೆಯುತ್ತದೆ.

ಮೀಟರ್ ಬಗ್ಗೆ ಒಂದು ಮಾತು. ಕಡಿಮೆ ಬೆಲೆಯವು ಎಷ್ಟೋ ಸಲ ತಪ್ಪು ತೋರಿಸುತ್ತವೆ. ನಾನು ಹೊಸದು ತಂದಾಗ ಉಪ್ಪಿನ ಪರೀಕ್ಷೆ ಮಾಡುತ್ತೇನೆ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಕೆಲವು ಹನಿ ನೀರು ಹಾಕಿ ಕೆಸರಿನ ಹದಕ್ಕೆ ತರಬೇಕು. ಉಪ್ಪು ಪೂರ್ತಿ ಕರಗಬಾರದು. ಮುಚ್ಚಳ ಮತ್ತು ಮೀಟರ್ ಎರಡನ್ನೂ ಜಿಪ್ ಕವರ್‌ನಲ್ಲಿ ಹಾಕಿ ಗಾಳಿಯಾಡದ ಹಾಗೆ ಮುಚ್ಚಿ, ಒಂದು ರಾತ್ರಿ ಬಿಡಬೇಕು. ಕವರ್ ಒಳಗೆ ತೇವಾಂಶ ಶೇಕಡಾ 75ಕ್ಕೆ ಬಂದು ನಿಲ್ಲುತ್ತದೆ. ಮೀಟರ್ 70 ತೋರಿಸಿದರೆ ಅದರ ಮೈಮೇಲೆ '+5' ಅಂತ ಚೀಟಿ ಅಂಟಿಸುತ್ತೇನೆ.

ಉಳಿದ ನಾಲ್ಕು ಗಿಡಗಳನ್ನು ಅವತ್ತೇ ಕಂಬದ ಪಕ್ಕಕ್ಕೆ ಸರಿಸಿದೆವು. ಬೆಳಕು ಹೆಚ್ಚೂಕಡಿಮೆ ಅಷ್ಟೇ, ಗಾಳಿ ನೇರ ಬೀಳುವುದಿಲ್ಲ. ಅಷ್ಟಕ್ಕೇ ಮಧ್ಯಾಹ್ನದ ಅಳತೆ 33ರಿಂದ 42ಕ್ಕೆ ಬಂತು. ಅಗಲ ಎಲೆಯ ನಾಲ್ಕು ಗಿಡ ಸುತ್ತ ಇಟ್ಟೆವು, ಇನ್ನೂ ಸ್ವಲ್ಪ ಏರಿತು. ಬೆಣಚುಕಲ್ಲಿನ ತಟ್ಟೆಗೆ ನೀರು ಹಾಕಿ ಮೇಲೆ ಕುಂಡ ಇಡುವುದನ್ನು ಎಲ್ಲರೂ ಹೇಳುತ್ತಾರೆ ಅಲ್ವಾ? ನಾನೂ ಇಟ್ಟು ಅಳೆದೆ. ತಟ್ಟೆಯ ಹತ್ತಿರ ಎರಡು ಮೂರು ಅಂಕ ಹೆಚ್ಚಾಯಿತು, ಹೂವಿನ ಎತ್ತರದಲ್ಲಿ ಏನೂ ಇಲ್ಲ. ಸುಮ್ನೆ ಅದನ್ನೇ ನಂಬಿ ಕೂರಬೇಡಿ.

ಕೊನೆಗೆ ಒಂದು ಹ್ಯೂಮಿಡಿಫೈಯರ್, ಅಂದರೆ ಗಾಳಿಗೆ ತೇವ ಸೇರಿಸುವ ಯಂತ್ರ, ತರಿಸಿದೆವು. ಗುರಿ 50ರಿಂದ 60. ಅದಕ್ಕಿಂತ ಮೇಲೆ ತೆಗೆದುಕೊಂಡು ಹೋಗಲು ನನಗೆ ಇಷ್ಟವಿಲ್ಲ. ಗಾಳಿಯಾಡದ ಕೋಣೆಯಲ್ಲಿ ತೇವ ಸದಾ ಜಾಸ್ತಿ ಇದ್ದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ, ದಳಗಳ ಮೇಲೆ ಸಣ್ಣ ಕಂದು ಚುಕ್ಕೆ ಬೀಳುತ್ತವೆ. ಅದು ಬೊಟ್ರೈಟಿಸ್ ಅನ್ನುವ ಶಿಲೀಂಧ್ರ. ರಾತ್ರಿ ಎಸಿ ನಿಂತ ಮೇಲೆ ತೇವ ತಾನಾಗಿಯೇ ಏರುತ್ತದೆ, ಆದ್ದರಿಂದ ಸಂಜೆ ಹ್ಯೂಮಿಡಿಫೈಯರ್ ನಿಲ್ಲುವ ಹಾಗೆ ಟೈಮರ್ ಇಟ್ಟೆವು. ಗಡಸು ನೀರು ಹಾಕಿದರೆ ಎಲೆಗಳ ಮೇಲೆ ಬಿಳಿ ಪುಡಿ ಕೂರುತ್ತದೆ. ಆರ್‌ಒ ನೀರು ಹಾಕಿಸುತ್ತೇನೆ, ಅದರ ನೀರಿನ ತೊಟ್ಟಿಯನ್ನು ವಾರಕ್ಕೊಮ್ಮೆ ಉಜ್ಜಿ ತೊಳೆಯುತ್ತೇನೆ. ಅಲ್ಲಿ ಲೋಳೆ ಕಟ್ಟಿದರೆ ಅದೇ ಹಬೆಯಾಗಿ ಜನರ ಮೂಗಿಗೆ ಹೋಗುತ್ತದೆ, ಅದರಲ್ಲಿ ಸಡಿಲ ಬಿಡಬಾರದು.

ಮೊಗ್ಗು ಉದುರಲು ಒಣ ಗಾಳಿಯೊಂದೇ ಕಾರಣ ಅಲ್ಲ. ಪಕ್ಕದಲ್ಲಿ ಮಾಗುತ್ತಿರುವ ಹಣ್ಣಿದ್ದರೆ ಅದರಿಂದ ಬರುವ ಎಥಿಲೀನ್ ಅನಿಲವೂ ಉದುರಿಸುತ್ತದೆ. ಅದಕ್ಕೇ ಮೇಜಿನ ಮೇಲೆ ಹಣ್ಣಿನ ಬುಟ್ಟಿ ಇದೆಯಾ ಅಂತಲೂ ನೋಡುತ್ತೇನೆ.

ಆ ನಾಲ್ಕು ಆರ್ಕಿಡ್‌ಗಳಲ್ಲಿ ಮೂರು ಗಿಡ ಮುಂದಿನ ವರ್ಷ ಮತ್ತೆ ಹೂದಂಡು ಬಿಟ್ಟವು. ಒಂದರಲ್ಲಿ ಎಂಟು ಮೊಗ್ಗು ಎಣಿಸಿದ್ದೆ. ಆರು ಅರಳಿದವು. ಆ ದಿನ ಮೇಡಂ ಫೋಟೋ ಕಳಿಸಿದ್ದರು. ತುದಿಯ ಎರಡು ಉದುರಿದವು. ಹೋಗಿ ನೋಡಿದರೆ ನೀರು ತುಂಬುವವರು ಆ ವಾರ ರಜೆಯಲ್ಲಿದ್ದರು, ತೊಟ್ಟಿ ಖಾಲಿ. ಮೀಟರ್‌ನಲ್ಲಿ ಉಳಿದಿದ್ದ ವಾರದ ಕನಿಷ್ಠ ಅಳತೆ 35. ಆಮೇಲಿಂದ ತೊಟ್ಟಿ ತುಂಬುವ ಕೆಲಸಕ್ಕೆ ಇಬ್ಬರ ಹೆಸರು ಬರೆಸಿದ್ದೇನೆ.