ಬೆನ್ನುಚೀಲಕ್ಕೊಂದು ಮಡಚುವ ಗರಗಸ: ಹುಡುಕಾಟ ಇಲ್ಲಿಯವರೆಗೆ

ಮಳೆಗಾಲಕ್ಕೆ ಮುಂಚೆ

ಕತ್ತಿ ಇರುವಾಗ ಗರಗಸ ಎಂತಕ್ಕೆ ಅಂತ ಮನೆಯಲ್ಲಿ ಎಲ್ಲರೂ ಕೇಳಿದ್ದಾಯಿತು. ಶಿರಸಿ ಕಡೆಯವರಿಗೆ ಸೊಂಟದಲ್ಲೊಂದು ಕತ್ತಿ ಇದ್ದರೆ ಸಾಕು, ನಿಜ. ಆದರೆ ಕತ್ತಿ ಬೀಸಲು ಜಾಗ ಬೇಕು. ಟೆಂಟು, ನೀರು, ಅಕ್ಕಿ ಹೊತ್ತು ನಡೆಯುವಾಗ ಅದರ ಭಾರವೂ ಗೊತ್ತಾಗುತ್ತದೆ. ದಣಿದ ಕೈಯಲ್ಲಿ, ಕತ್ತಲಾಗುವ ಹೊತ್ತಿಗೆ ಕತ್ತಿ ಬೀಸುವುದು ನನಗಂತೂ ಬೇಡ. ಗರಗಸ ಜಾರಿದರೆ ಬೆರಳು ಗೀರುತ್ತದೆ, ಕತ್ತಿ ಜಾರಿದರೆ ಮೊಣಕಾಲೇ ಹೋಗುತ್ತದೆ.

ಹೊರದೇಶದವರು ಈ ಗರಗಸಗಳ ಬಗ್ಗೆ ಹೇಳುವುದರಲ್ಲಿ ಅರ್ಧ ಬೇಟೆಯ ಮಾತೇ. ಮೂಳೆ ಕೊಯ್ಯಲು ಯಾವ ಹಲ್ಲು ಒಳ್ಳೆಯದು, ಹೊಂಚು ಹಾಕುವ ಜಾಗದ ಮುಂದಿನ ಕೊಂಬೆ ಸವರಲು ಯಾವುದು, ಹೀಗೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಅದು ಮುಗಿದ ಕಥೆ. ಆ ಭಾಗ ಬಿಟ್ಟೇ ಓದಿದೆ. ಅಣಶಿ, ಕಾಳಿ ಹುಲಿ ಮೀಸಲಿನ ಒಳಗೆ ಗರಗಸ ಒಯ್ಯುವ ಮಾತೇ ಇಲ್ಲ. ನನ್ನ ಬಳಕೆ ಏನಿದ್ದರೂ ನಮ್ಮ ತೋಟ, ಬೆಟ್ಟದ ಒಣಕಟ್ಟಿಗೆ, ಪರಿಚಯದವರ ಜಾಗದಲ್ಲಿ ರಾತ್ರಿ ಉಳಿದರೆ ಅಲ್ಲಿಯ ಒಲೆ.

ಉದ್ದ ಮೊದಲು, ತೂಕ ಆಮೇಲೆ

ಹಗುರ ಅನ್ನುವುದೊಂದನ್ನೇ ಹಿಡಿದು ಹೊರಟರೆ ವಿಕ್ಟೋರಿನಾಕ್ಸ್ ಕಂಪನಿಯ ಮಡಚುವ ಚಾಕುವಿನೊಳಗಿನ ಪುಟ್ಟ ಗರಗಸಕ್ಕೇ ಬಂದು ನಿಲ್ಲುತ್ತೇವೆ. ಇಡೀ ಚಾಕು 100 ಗ್ರಾಂ ಆಸುಪಾಸು. ಹೆಬ್ಬೆರಳು ದಪ್ಪದ ಕಡ್ಡಿಗೆ ಅದು ಬಹಳ ಚೆನ್ನ. ಅದಕ್ಕಿಂತ ದಪ್ಪ ಆದರೆ ಸುಮ್ನೆ ಕೈನೋವು.

ಅಲಗಿನ ಉದ್ದ ಕಟ್ಟಿಗೆಯ ದಪ್ಪದ ಎರಡರಷ್ಟಾದರೂ ಇರಬೇಕು. ಹಲ್ಲಿನ ಸಂದಿಯಲ್ಲಿ ತುಂಬಿದ ಹೊಟ್ಟು ಹೊರಗೆ ಬೀಳಲು ಅಷ್ಟು ಎಳೆತ ಬೇಕೇ ಬೇಕು. ಇಲ್ಲದಿದ್ದರೆ ಹೊಟ್ಟು ಅಲ್ಲೇ ಉಳಿದು ಹಲ್ಲು ಅದರ ಮೇಲೆಯೇ ಉಜ್ಜುತ್ತಿರುತ್ತದೆ. ನನಗೆ ಬೇಕಾದದ್ದು ಮಣಿಕಟ್ಟಿನಷ್ಟು ದಪ್ಪ, ಹೆಚ್ಚೆಂದರೆ 8 ಸೆಂಟಿಮೀಟರ್. ಅಂದರೆ 17ರಿಂದ 19 ಸೆಂಟಿಮೀಟರ್ ಅಲಗು. ಜಪಾನಿನ ಸಿಲ್ಕಿ ಪಾಕೆಟ್‌ಬಾಯ್ 17ರದ್ದು, ಬಾಹ್ಕೊ ಲ್ಯಾಪ್‌ಲ್ಯಾಂಡರ್ 19ರದ್ದು. ಲ್ಯಾಪ್‌ಲ್ಯಾಂಡರ್ ಸುಮಾರು 200 ಗ್ರಾಂ. ಸಿಲ್ಕಿಯ ಗೋಂಬಾಯ್ 24ರದ್ದೂ ಇದೆ, ಕೊಯ್ಯುವುದು ಬೆಣ್ಣೆಯಂತೆ. ಆದರೆ ಅಷ್ಟು ದಪ್ಪದ ಕಟ್ಟಿಗೆ ಕೊಯ್ದು ನಾನು ಮಾಡುವುದೇನು?

ಸಿಲ್ಕಿಯಂತೆ ಎಳೆದಾಗ ಮಾತ್ರ ಕೊಯ್ಯುವ ಗರಗಸದ ಲಾಭ ಕೈಯಲ್ಲಿ ಹಿಡಿದಾಗಲೇ ತಿಳಿಯಿತು. ದೂಡುವಾಗ ತೆಳು ಅಲಗು ಬಾಗುತ್ತದೆ, ಅದಕ್ಕೇ ಬಡಗಿಯ ಗರಗಸ ಅಷ್ಟು ದಪ್ಪ. ಎಳೆಯುವಾಗ ಅಲಗು ತಾನಾಗಿ ನೆಟ್ಟಗಾಗುತ್ತದೆ. ಹಾಗಾಗಿ ತೆಳುವಾಗಿಯೇ ಮಾಡಬಹುದು, ಕಡಿಮೆ ಮರ ತಿಂದು ಬೇಗ ಇಳಿಯುತ್ತದೆ. ಅವಸರದಲ್ಲಿ ದೂಡುವಾಗಲೂ ಬಲ ಹಾಕಿದರೆ ಅಲಗು ಮುರಿಯಬಹುದು.

ಲ್ಯಾಪ್‌ಲ್ಯಾಂಡರ್ ತರಿಸಿದೆ. ಅದರ ಹಲ್ಲು ಎರಡೂ ಕಡೆಗೆ ಕೊಯ್ಯುತ್ತದೆ, ಅಲಗು ಸ್ವಲ್ಪ ದಪ್ಪ. ನನ್ನ ಒರಟು ಕೈಗೆ ಅದೇ ಸರಿ.

ಆಷಾಢ

ಗಾಳಿಗೆ ಬೆಟ್ಟದ ದಾರಿಗೆ ಅಡ್ಡ ಅಕೇಶಿಯಾ ಬಿದ್ದಿತ್ತು. ಎರಡು ತುದಿಯೂ ದಿಣ್ಣೆಯ ಮೇಲೆ, ನಡು ಅಂತರದಲ್ಲಿ. ನಾನು ಮೇಲಿಂದ ಶುರು ಮಾಡುವುದನ್ನು ನೋಡಿ ದೊಡ್ಡಪ್ಪ, "ಮೇಲಿಂದ ಪೂರ್ತಿ ಕೊಯ್ದ್ರೆ ಕಚ್ಕತ್ತು ತಮಾ, ಅಡಿಂದ ಹಾಕು" ಅಂದರು. ಹೀಗೆ ನಿಂತ ದಿಮ್ಮಿಯ ಮೇಲ್ಮೈ ಒತ್ತಿಕೊಂಡಿರುತ್ತದೆ, ಅಡಿಭಾಗ ಎಳೆದುಕೊಂಡಿರುತ್ತದೆ. ಮೇಲಿಂದ ಮೂರನೇ ಒಂದು ಪಾಲು ಕೊಯ್ದು, ಉಳಿದದ್ದನ್ನು ಅಡಿಯಿಂದ ಕೊಯ್ದರೆ ಸಂದು ತೆರೆದುಕೊಳ್ಳುತ್ತಾ ಹೋಗುತ್ತದೆ. ಒಂದೇ ಕಡೆ ಆಧಾರ ಇದ್ದು ಜೋತಾಡುವ ಕೊಂಬೆಗೆ ಇದರ ತದ್ವಿರುದ್ಧ: ಮೊದಲು ಅಡಿಯಿಂದ ಸ್ವಲ್ಪ, ಆಮೇಲೆ ಮೇಲಿಂದ. ಇಲ್ಲದಿದ್ದರೆ ತೊಗಟೆ ಸಿಗಿದುಕೊಂಡು ಬರುತ್ತದೆ. ತೆಳು ಅಲಗಿಗೆ ಈ ಲೆಕ್ಕ ಜಾಸ್ತಿ ಮುಖ್ಯ, ಸಿಕ್ಕಿಬಿದ್ದದ್ದನ್ನು ಜಗ್ಗಿದರೆ ಬಾಗಿಯೇ ಹೋಗುತ್ತದೆ. ಕೆಲಸ ಮುಗಿಯುವ ಹೊತ್ತಿಗೆ ಕಾಲಿಗೆ ಉಂಬಳ ಹತ್ತಿದ್ದು ಬೇರೆ ವಿಷಯ.

ಗೆಳೆಯನ ಹತ್ತಿರ ಮರದ ಹಿಡಿಯ ಪುಟ್ಟ ಮಡಚುವ ಗರಗಸ ಇದೆ. ಬೇಸಿಗೆಯಲ್ಲಿ ನೋಡಿದಾಗ ಆಸೆಯಾಗಿತ್ತು. ಮಳೆ ಹಿಡಿದ ಮೇಲೆ ಹಿಡಿ ಉಬ್ಬಿ ಅಲಗು ಒಳಗೇ ಕೂತಿದೆ, ಇಕ್ಕಳ ಹಾಕಿ ಎಳೆಯಬೇಕು. ಕರಾವಳಿ ಮಳೆಗೆ ಪ್ಲಾಸ್ಟಿಕ್ ಹಿಡಿಯೇ ಸರಿ, ಚಂದ ಇಲ್ಲದಿದ್ದರೂ.

ಚೌತಿ ಕಳೆದ ಮೇಲೆ

ಕಾರವಾರದ ರೂಮಿನಲ್ಲಿ ಕಬ್ಬಿಣದ ಯಾವುದನ್ನು ಇಟ್ಟರೂ ಕೆಂಪಾಗುತ್ತದೆ. ಅಲಗಿಗೆ ತುಕ್ಕು ತಡೆಯುವ ಲೇಪ ಇದೆ, ಆದರೆ ಹಲ್ಲಿನ ತುದಿಯಲ್ಲಿ ಅದು ಬೇಗ ಸವೆಯುತ್ತದೆ. ಅಲ್ಲೇ ಚುಕ್ಕೆ ಚುಕ್ಕೆ ಕಾಣಿಸಿತು. ಗೇರುಕೊಂಬೆ ಕೊಯ್ದ ದಿನ ಸೊನೆ ಬೇರೆ ಕಪ್ಪಗೆ ಅಂಟಿಕೊಂಡಿತ್ತು. ಗೇರಿನ ಸೊನೆಗೆ ಕೈ ಮುಟ್ಟಿಸದಿರುವುದು ಒಳ್ಳೆಯದು, ಕೆಲವರಿಗೆ ಬೊಬ್ಬೆ ಏಳುತ್ತದೆ. ತೆಂಗಿನೆಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು, ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ತಿಕ್ಕಿದರೆ ಬಿಡುತ್ತದೆ. ಅಲಗು ತಿರುಗುವ ಬೋಲ್ಟಿಗೆ ಮಾತ್ರ ತೆಂಗಿನೆಣ್ಣೆ ಬೇಡ, ದಿನ ಕಳೆದಂತೆ ಅಂಟಾಗುತ್ತದೆ. ಅಲ್ಲಿಗೆ ಹೊಲಿಗೆ ಮಷಿನಿನ ಎಣ್ಣೆ.

ಲಾಕು ನೋಡುವಾಗ ಎಲ್ಲರೂ ತೆರೆದಾಗ ಗಟ್ಟಿ ನಿಲ್ಲುತ್ತದಾ ಅಂತಷ್ಟೇ ನೋಡುತ್ತಾರೆ. ಮಡಚಿದಾಗಲೂ ಲಾಕ್ ಆಗಬೇಕು. ಚೀಲದೊಳಗೆ ತಾನಾಗಿ ಬಿಚ್ಚಿಕೊಂಡರೆ ಟೆಂಟಿನ ಬಟ್ಟೆ ಗತಿ ಏನಾಗಬೇಡ? ಇದರಲ್ಲಿ ಎರಡೂ ಇದೆ.

ಒಂದೇ ತಕರಾರು, ಹಿಡಿ ಹಸಿರು. ಹುಲ್ಲಲ್ಲಿ ಇಟ್ಟರೆ ಎದುರಿಗಿದ್ದರೂ ಕಾಣುವುದಿಲ್ಲ, ಅದರ ಮೇಲೆ ದರಕು, ಅಂದರೆ ಒಣ ಎಲೆ, ಉದುರಿದರಂತೂ ಮುಗಿಯಿತು. ಅದರ ಬಾಲಕ್ಕೆ ಹಳೆಯ ಸೀರೆಯ ಕೆಂಪು ಅಂಚು ಕಟ್ಟಿದ್ದೇನೆ.

ಈಗ

ಗೋಕರ್ಣ-ಕುಮಟಾ ಕಡಲ ದಂಡೆಯ ನಡಿಗೆಗೆ ಹೋಗುವಾಗ ಇದನ್ನು ಮನೆಯಲ್ಲೇ ಬಿಟ್ಟೆ. ರಾತ್ರಿ ಊಟ ಹೋಟೆಲಿನಲ್ಲೇ ಆಗುವಾಗ 200 ಗ್ರಾಂ ಸುಮ್ನೆ ಯಾಕೆ ಹೊರಬೇಕು, ಅಲ್ವಾ? ಬೆಟ್ಟಕ್ಕೆ ಹೋಗುವಾಗ ಮಾತ್ರ ತಪ್ಪದೆ ಚೀಲದಲ್ಲಿರುತ್ತದೆ.

ಬಾಕಿ ಇರುವುದು ಬಿದಿರು. ಒಣ ಬಿದಿರಿಗೆ ಈ ಹಲ್ಲು ಒರಟಾಯಿತು, ಕೊನೆಯಲ್ಲಿ ನಾರು ಎದ್ದು ಸೀಳುತ್ತದೆ. ಕೊಯ್ಯುವ ಜಾಗಕ್ಕೆ ಟೇಪು ಸುತ್ತಿದರೆ ಸ್ವಲ್ಪ ವಾಸಿ. ಸಣ್ಣ ಹಲ್ಲಿನ ಪಾಕೆಟ್‌ಬಾಯ್ ಒಂದನ್ನು ಗೆಳೆಯರೊಬ್ಬರು ನೋಡಲು ಕೊಡುತ್ತೇನೆ ಅಂದಿದ್ದಾರೆ. ಅಂಥವುಗಳ ಹಲ್ಲಿನ ತುದಿಯನ್ನು ವಿದ್ಯುತ್ತಿನಿಂದ ಕಾಯಿಸಿ ಗಡುಸು ಮಾಡಿರುತ್ತಾರೆ, ಅರ ಹಾಕಿದರೆ ಅರವೇ ಜಾರುತ್ತದೆ. ಮೊಂಡಾದರೆ ಹೊಸ ಅಲಗನ್ನೇ ಕೊಳ್ಳಬೇಕು. ದೀಪಾವಳಿಗೆ ಊರಿಗೆ ಹೋದಾಗ ಎರಡನ್ನೂ ಒಂದೇ ಬಿದಿರಿನ ಮೇಲೆ ಹಾಕಿ ನೋಡಿ, ಮುಂದಿನದು ಬರೆಯುತ್ತೇನೆ.